ಕೀಲಿಕೈಯ ಕಾವಲು

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಣ ನಾಡು ಎರೆಮಣ್ಣಿನ ನಾಡು. ಹದವಾಗಿ ಮಳೆ ಬಿದ್ದರೆ ಇಲ್ಲಿ ಬಿಳಿಜೋಳ ಆಳೆತ್ತರ ಬೆಳೆಯುತ್ತದೆ. ಬೀಳದಿದ್ದರೆ ಹೊಲವೆಲ್ಲ ಬಾಯ್ದೆರೆದು ಬಿರಿಯುತ್ತದೆ. ಇಂಥ ನಾಡಿನಲ್ಲಿ ಒಂದು ವರ್ಷದ ಸುಗ್ಗಿಯನ್ನು ಮುಂದೆ ಬರಬಹುದಾದ ಬರಗಾಲಕ್ಕಾಗಿ ಕಾದಿಡುವುದು ಬಾಳಿನ ಮೊದಲ ಪಾಠವಾಗಿದ್ದಿತು. ಅದಕ್ಕಾಗಿ ಹಿರಿಯರು ಮನೆಯ ಮುಂದೆಯೋ ಹಿತ್ತಿಲಲ್ಲಿಯೋ ನೆಲವನ್ನು ಆಳವಾಗಿ ತೋಡಿ ಹಗೇವುಗಳನ್ನು ಮಾಡುತ್ತಿದ್ದರು. ಅದರೊಳಗೆ ಹೊಟ್ಟು ಹುಲ್ಲುಗಳನ್ನು ಹಾಸಿ, ಜೋಳವನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮುಚ್ಚುತ್ತಿದ್ದರು.

ಹಗೇವು ಎಲ್ಲಿದೆ ಎಂಬುದು ಓಣಿಗೆಲ್ಲ ತಿಳಿದಿರುತ್ತಿದ್ದಿತು. ಆದರೂ ಕಾಳು ಸುರಕ್ಷಿತವಾಗಿರುತ್ತಿದ್ದಿತು. ಏಕೆಂದರೆ ಅದನ್ನು ತೆರೆಯುವುದು ಸದ್ದಿಲ್ಲದೆ ಒಬ್ಬನೇ ಮಾಡಿ ಮುಗಿಸುವ ಕೆಲಸವಲ್ಲ. ಮಣ್ಣನ್ನು ಅಗೆಯಬೇಕು, ಚಪ್ಪಡಿಯನ್ನು ಸರಿಸಬೇಕು, ಒಳಗೆ ನಿಂತ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯಬೇಕು, ಆಮೇಲೆಯೇ ಒಳಗಿಳಿಯಬೇಕು. ಅಷ್ಟರಲ್ಲಿ ನೆರೆಹೊರೆಯವರ ಕಣ್ಣು ಅಲ್ಲಿ ಬಿದ್ದೇ ಬೀಳುತ್ತಿದ್ದಿತು. ಮನೆಯೊಳಗಿನ ಪೆಟ್ಟಿಗೆ, ಕೋಣೆಗಳ ಕೀಲಿಕೈಗಳಾದರೋ ಮನೆಯ ಹಿರಿಯಳ ಸೊಂಟದಲ್ಲಿ ಗೊಂಚಲಾಗಿ ತೂಗುತ್ತಿದ್ದವು. ಅವಳು ನಡೆದರೆ ಕೀಲಿಕೈಗಳ ಸಪ್ಪಳ ಕೇಳುತ್ತಿದ್ದಿತು. ಅವು ಎಲ್ಲಿವೆ, ಯಾರ ಬಳಿ ಇವೆ ಎಂಬುದರ ಬಗ್ಗೆ ಯಾರಿಗೂ ಸಂಶಯವಿರುತ್ತಿರಲಿಲ್ಲ.

ಕಾಲ ಬದಲಾಯಿತು. ಸಂಪತ್ತು ನೆಲದಿಂದ ಲೆಕ್ಕದ ಪುಸ್ತಕಕ್ಕೆ ಬಂದಿತು. 1905ರಲ್ಲಿ ಗದಗಿಗೆ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ ಮೇಲೆ, ರೈತನ ಹೆಸರು, ಅವನ ಸಾಲ, ಅವನ ಉಳಿತಾಯ ಇವೆಲ್ಲ ಕಾಗದದ ಮೇಲೆ ಮೂಡತೊಡಗಿದವು. ಈಗ ಆ ಕಾಗದವೂ ಗಣಕಯಂತ್ರದೊಳಗೆ ಸೇರಿದೆ. ಬ್ಯಾಂಕಿನ ಖಾತೆ, ಹೊಲದ ಪಹಣಿ, ಬೆಳೆವಿಮೆಯ ಅರ್ಜಿ, ವಿದ್ಯಾರ್ಥಿವೇತನ, ಪರೀಕ್ಷೆಯ ಅಂಕಪಟ್ಟಿ ಇವೆಲ್ಲವೂ ಕಣ್ಣಿಗೆ ಕಾಣದ ಕೋಣೆಗಳಲ್ಲಿ ಕುಳಿತಿವೆ. ಆ ಕೋಣೆಗಳ ಬಾಗಿಲಿಗೆ ಕಬ್ಬಿಣದ ಕೀಲಿಯಿಲ್ಲ, ಅಕ್ಷರಗಳ ಕೀಲಿಯಿದೆ. ಅದನ್ನು ತೆರೆಯುವ ಕೀಲಿಕೈಯೇ ನಾವು ಪಾಸ್‌ವರ್ಡ್ ಎಂದು ಕರೆಯುವ ಗುಪ್ತಪದ.

ಗುಪ್ತಪದವನ್ನು ಮೊದಲ ಬಾರಿ ಒತ್ತಿದ ಕೂಡಲೇ ಮೊಬೈಲಾಗಲಿ ಗಣಕಯಂತ್ರವಾಗಲಿ ವಿನಯದಿಂದ ಒಂದು ಪ್ರಶ್ನೆಯನ್ನು ಕೇಳುತ್ತದೆ: ‘ಈ ಗುಪ್ತಪದವನ್ನು ಉಳಿಸಬೇಕೆ?’ ನಮ್ಮಲ್ಲಿ ಹಲವರು ಓದದೆಯೇ ‘ಹೌದು’ ಎಂದು ಒತ್ತಿಬಿಡುತ್ತೇವೆ. ಕೆಲವರು ಹೆದರಿ ‘ಬೇಡ’ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ? ನಮ್ಮ ಸ್ವಂತ ಸಾಧನದಲ್ಲಿ ಗುಪ್ತಪದವನ್ನು ಉಳಿಸಿಡುವುದು ಕ್ಷೇಮವೆ? ಇದನ್ನು ನಾವು ನಿಧಾನವಾಗಿ ವಿಚಾರಿಸೋಣ.

ಗಣಕಯಂತ್ರದ ಗುಪ್ತಪದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, ಒಂದೇ ಯಂತ್ರವನ್ನು ಅನೇಕರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯು 1961ರಲ್ಲಿ ಸಿದ್ಧವಾಯಿತು. ಒಬ್ಬರ ಕೆಲಸವನ್ನು ಮತ್ತೊಬ್ಬರು ಮುಟ್ಟಬಾರದೆಂದು ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದವನ್ನು ಕೊಟ್ಟರು. ಆದರೆ ಮರುವರ್ಷವೇ ಆ ಕಾವಲು ಮುರಿಯಿತು. ಅಲ್ಲನ್ ಶೆರ್ ಎಂಬ ಸಂಶೋಧಕನಿಗೆ ವಾರಕ್ಕೆ ನಿಗದಿಯಾಗಿದ್ದ ಯಂತ್ರದ ವೇಳೆ ಸಾಲದಾಗಿದ್ದಿತು. ಅವನು ಯಾರ ಗುಪ್ತಪದವನ್ನೂ ಊಹಿಸುವ ಗೋಜಿಗೆ ಹೋಗಲಿಲ್ಲ. ಎಲ್ಲ ಗುಪ್ತಪದಗಳನ್ನು ಬರೆದಿಟ್ಟಿದ್ದ ಕಡತವನ್ನೇ ಯಂತ್ರದಿಂದ ಅಚ್ಚುಹಾಕಿಸಿಕೊಂಡನು. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ಕಡತಗಳು ಅದಲುಬದಲಾದುದರಿಂದ, ಒಳಗೆ ಬಂದವರಿಗೆಲ್ಲ ದಿನದ ಸೂಚನೆಯ ಬದಲಾಗಿ ಎಲ್ಲರ ಗುಪ್ತಪದಗಳ ಪಟ್ಟಿಯೇ ಕಾಣಿಸಿತು!

ಈ ಘಟನೆಗಳಿಂದ ನಾವು ಕಲಿಯಬೇಕಾದುದು ಒಂದಿದೆ. ಗುಪ್ತಪದವನ್ನು ಎಲ್ಲಿಯೋ ಒಂದೆಡೆ ಇಡಲೇಬೇಕು: ತಲೆಯಲ್ಲಿ, ಕಾಗದದಲ್ಲಿ, ಇಲ್ಲವೆ ಯಂತ್ರದಲ್ಲಿ. ಇಟ್ಟ ಜಾಗವು ಎಷ್ಟು ಭದ್ರವೋ ಗುಪ್ತಪದವೂ ಅಷ್ಟೇ ಭದ್ರ. ಆದುದರಿಂದ ‘ಉಳಿಸಬೇಕೆ, ಬೇಡವೆ’ ಎಂಬುದಕ್ಕಿಂತ ‘ಎಲ್ಲಿ ಉಳಿಸಬೇಕು, ಆ ಜಾಗಕ್ಕೆ ಯಾರು ಬರಬಲ್ಲರು’ ಎಂಬುದೇ ದೊಡ್ಡ ಪ್ರಶ್ನೆ.

ಮೊದಲು, ತಲೆಯಲ್ಲಿಯೇ ಇಟ್ಟುಕೊಳ್ಳುವವರ ಮಾತನ್ನು ನೋಡೋಣ. ಮನಸ್ಸಿನಲ್ಲಿರುವುದನ್ನು ಯಾರೂ ಕದಿಯಲಾರರು ಎಂಬುದು ಅವರ ವಾದ. ಮಾತು ನಿಜ. ಆದರೆ ಮನುಷ್ಯನ ನೆನಪಿಗೆ ಮಿತಿಯಿದೆ. ಹತ್ತು ಹದಿನೈದು ಕಡೆಗಳಲ್ಲಿ ಬೇರೆ ಬೇರೆ ಗುಪ್ತಪದಗಳನ್ನು ನೆನಪಿಡುವುದು ಕಷ್ಟ. ಆಗ ನಾವು ಮಾಡುವುದೇನು? ಜನ್ಮದಿನಾಂಕ, ಊರಿನ ಹೆಸರು, ಮೊಬೈಲಿನ ಕೊನೆಯ ಅಂಕಿಗಳು ಇಂಥ ಸುಲಭವಾದುದನ್ನು ಆರಿಸಿಕೊಳ್ಳುತ್ತೇವೆ. ಅದನ್ನೇ ಎಲ್ಲ ಕಡೆಗೂ ಬಳಸುತ್ತೇವೆ. ಇದು ಮನೆಯ ಬಾಗಿಲು, ಪೆಟ್ಟಿಗೆ, ಅಂಗಡಿ, ಗೋದಾಮುಗಳಿಗೆಲ್ಲ ಒಂದೇ ಕೀಲಿಕೈ ಮಾಡಿಸಿದಂತೆ. ಒಂದು ಕೀಲಿಕೈ ಕಳೆದರೆ ಎಲ್ಲವೂ ಬಯಲು.

2009ರ ಡಿಸೆಂಬರಿನಲ್ಲಿ ‘ರಾಕ್‌ಯೂ’ ಎಂಬ ಅಮೆರಿಕದ ಸಂಸ್ಥೆಯಿಂದ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಗುಪ್ತಪದಗಳು ಕಳುವಾದವು. ಆ ಸಂಸ್ಥೆಯು ಅವುಗಳನ್ನು ಗೂಢಲಿಪಿಗೆ ತಿರುಗಿಸದೆ ಇದ್ದಂತೆಯೇ ಬರೆದಿಟ್ಟಿದ್ದಿತು. ಆ ಪಟ್ಟಿಯನ್ನು ಪರೀಕ್ಷಿಸಿದಾಗ, ಅತ್ಯಂತ ಹೆಚ್ಚು ಜನ ಇಟ್ಟುಕೊಂಡಿದ್ದ ಗುಪ್ತಪದ ‘123456’ ಎಂಬುದಾಗಿ ತಿಳಿದುಬಂದಿತು. ಒಂದು ಕಡೆ ಕಳುವಾದ ಗುಪ್ತಪದವನ್ನು ವಂಚಕರು ಬ್ಯಾಂಕು, ಅಂಚೆ, ಅಂಗಡಿ ಮುಂತಾದ ನೂರು ಬಾಗಿಲುಗಳಿಗೆ ಹಾಕಿ ನೋಡುತ್ತಾರೆ. ಒಂದೇ ಕೀಲಿಕೈಯನ್ನು ನೆಚ್ಚಿದವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಗುಪ್ತಪದದ ಬಲ ಎಷ್ಟೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ನಾಲ್ಕು ಅಂಕಿಗಳ ಕೀಲಿಗೆ 10,000 ಸಾಧ್ಯತೆಗಳಿವೆ. ಆರು ಅಂಕಿಗಳ ಕೀಲಿಗೆ 10 ಲಕ್ಷ. ಇಂಗ್ಲಿಷ್ ವರ್ಣಮಾಲೆಯ 26 ಸಣ್ಣ ಅಕ್ಷರಗಳಲ್ಲಿ ಎಂಟನ್ನು ಮನಬಂದಂತೆ ಜೋಡಿಸಿದರೆ ಸಾಧ್ಯತೆಗಳು ಸುಮಾರು 20,882 ಕೋಟಿಯಾಗುತ್ತವೆ. ಇದು ಬಹು ದೊಡ್ಡ ಸಂಖ್ಯೆಯೆಂದು ನೀವು ತಿಳಿಯಬಹುದು. ಆದರೆ ಕಳುವಾದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಸೆಕೆಂಡಿಗೆ 100 ಕೋಟಿ ಬಾರಿ ಪ್ರಯತ್ನಿಸುವ ಯಂತ್ರಕ್ಕೆ ಇವೆಲ್ಲವನ್ನೂ ನೋಡಿ ಮುಗಿಸಲು ನಾಲ್ಕು ನಿಮಿಷವೂ ಬೇಡ. ಅಕ್ಷರಗಳು ಹನ್ನೆರಡಾದರೆ ಅದೇ ಯಂತ್ರಕ್ಕೆ ಸುಮಾರು ಮೂರು ವರ್ಷ ಬೇಕು. ಹದಿನಾರಾದರೆ ಹದಿಮೂರು ಲಕ್ಷ ವರ್ಷಗಳಿಗೂ ಮಿಗಿಲಾದ ಕಾಲ ಬೇಕು! ಹೀಗೆ ಉದ್ದವಾದ, ಅರ್ಥಕ್ಕೆ ನಿಲುಕದ, ಪ್ರತಿಯೊಂದು ಕಡೆಗೂ ಬೇರೆಯಾದ ಗುಪ್ತಪದವೇ ಗಟ್ಟಿಯಾದುದು. ಅಂಥವನ್ನು ನೆನಪಿನಲ್ಲಿಡುವುದು ಅಸಾಧ್ಯವಾದುದರಿಂದಲೇ ಉಳಿಸಿಡುವ ವ್ಯವಸ್ಥೆಯು ಹುಟ್ಟಿಕೊಂಡಿತು.

ನಮ್ಮ ಮೊಬೈಲು ಗುಪ್ತಪದವನ್ನು ಉಳಿಸುವುದೆಂದರೆ ಅದನ್ನು ಚೀಟಿಯಲ್ಲಿ ಬರೆದಂತೆ ತೆರೆದಿಡುವುದಲ್ಲ. ಅದನ್ನು ಗೂಢಲಿಪಿಗೆ ತಿರುಗಿಸಿ ಒಂದು ಭಂಡಾರದಲ್ಲಿ ಇಡುತ್ತದೆ. ಆ ಭಂಡಾರವನ್ನು ತೆರೆಯಲು ಮೊಬೈಲಿನ ಕೀಲಿ, ಎಂದರೆ ಅಂಕಿಗಳೋ ಬೆರಳಚ್ಚೋ ಮುಖದ ಗುರುತೋ ಬೇಕಾಗುತ್ತದೆ. 1883ರಲ್ಲಿಯೇ ಅಗಸ್ಟ್ ಕರ್ಕಾಫ್ಸ್ ಎಂಬ ಪಂಡಿತನು ಗೂಢಲಿಪಿಯ ಒಂದು ತತ್ತ್ವವನ್ನು ಸಾರಿದ್ದನು. ಗೂಢಲಿಪಿಯನ್ನು ರಚಿಸುವ ಕ್ರಮವು ಶತ್ರುವಿಗೆ ತಿಳಿದರೂ ಚಿಂತೆಯಿರಬಾರದು. ಕೀಲಿಕೈಯೊಂದು ಗುಟ್ಟಾಗಿದ್ದರೆ ಸಾಕಾಗಬೇಕು ಎಂಬುದೇ ಆ ತತ್ತ್ವದ ಸಾರ. ನಮ್ಮ ಹಗೇವಿನ ಮಾತೂ ಇದಕ್ಕೆ ಸಮೀಪವಾದುದಲ್ಲವೆ? ಹಗೇವಿನ ಸ್ಥಳ ಎಲ್ಲರಿಗೂ ಗೊತ್ತಿದ್ದಿತು. ಅದರ ಭದ್ರತೆಯು ಸ್ಥಳದ ಗುಟ್ಟಿನಲ್ಲಿರಲಿಲ್ಲ.

ಉಳಿಸಿಡುವುದರಿಂದ ಇನ್ನೊಂದು ಲಾಭವೂ ಉಂಟು. ವಂಚಕರು ಬ್ಯಾಂಕಿನ ಪುಟವನ್ನು ಹೋಲುವ ಸುಳ್ಳು ಪುಟವನ್ನು ರಚಿಸಿ, ಅದರ ಕೊಂಡಿಯನ್ನು ಸಂದೇಶದಲ್ಲಿ ಕಳಿಸುತ್ತಾರೆ. ಬಣ್ಣ, ಮುದ್ರೆ, ಅಕ್ಷರ ಎಲ್ಲವೂ ಒಂದೇ ತೆರನಾಗಿರುವುದರಿಂದ ನಮ್ಮ ಕಣ್ಣು ಮೋಸಹೋಗುತ್ತದೆ. ಆದರೆ ಭಂಡಾರವು ಪುಟದ ಅಂದವನ್ನು ನೋಡುವುದಿಲ್ಲ, ವಿಳಾಸವನ್ನು ನೋಡುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾಗಿದ್ದರೂ ಅದು ಗುಪ್ತಪದವನ್ನು ತಾನಾಗಿ ತುಂಬುವುದಿಲ್ಲ. ಪ್ರತಿದಿನ ತಾನಾಗಿ ತುಂಬುತ್ತಿದ್ದುದು ಇಂದು ತುಂಬಲಿಲ್ಲವೆಂದರೆ ಅದು ಎಚ್ಚರಿಕೆಯ ಗಂಟೆ. ಅಲ್ಲಿ ಕೈಯಿಂದ ಬರೆಯಲು ಹೋಗದೆ ನಿಂತು ಯೋಚಿಸಬೇಕು.

ಇಷ್ಟನ್ನು ಕೇಳಿದ ಮೇಲೆ, ‘ಹಾಗಾದರೆ ಎಲ್ಲಿ ಬೇಕಾದರೂ ಉಳಿಸಬಹುದು’ ಎಂದು ನೀವು ಹೇಳಬಹುದು. ಅಲ್ಲಿಯೇ ತಪ್ಪು. ಇದುವರೆಗೆ ಹೇಳಿದ ಮಾತೆಲ್ಲ ಸ್ವಂತ ಸಾಧನಕ್ಕೆ ಸಂಬಂಧಿಸಿದುದು. ‘ಸ್ವಂತ’ ಎಂಬ ಆ ಒಂದು ಶಬ್ದದಲ್ಲಿಯೇ ಈ ಪಾಠದ ತಿರುಳಿದೆ. ಅದನ್ನು ತಿಳಿಯಲು ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ.

ಗಜೇಂದ್ರಗಡದ ಒಂದು ನೇಕಾರರ ಮನೆ. ಆ ಮನೆಯ ಹುಡುಗಿಯೊಬ್ಬಳು ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಅವಳು ಪೇಟೆಯ ಗಣಕಯಂತ್ರದ ಅಂಗಡಿಗೆ ಹೋಗುತ್ತಾಳೆ. ಹೊರಗೆ ಜನರ ಸರದಿ. ಅಂಗಡಿಯವನು ಒಳ್ಳೆಯವನೇ, ಅವಸರದಲ್ಲಿದ್ದಾನೆ.

‘‘ತಂಗಿ, ಪಾಸ್‌ವರ್ಡ್ ಇದರಾಗ ಉಳಸ್ಲೇನು? ಮುಂದ ಬಂದಾಗ ಮತ್ತ ಹೊಡಿಯೂದು ತಪ್ಪತೈತಿ’’ ಎಂದು ಅವನು ಕೇಳುತ್ತಾನೆ.

‘‘ಹೂಂ ಅಣ್ಣಾ, ಉಳಸ್ರಿ. ನನಗೂ ನೆನಪ ಇರೂದಿಲ್ಲ’’ ಎಂದು ಹುಡುಗಿ ಒಪ್ಪಿಕೊಳ್ಳುತ್ತಾಳೆ.

ನಾಲ್ಕು ದಿನಗಳ ಮೇಲೆ ಇನ್ನೊಬ್ಬ ವಿದ್ಯಾರ್ಥಿ ಅದೇ ಯಂತ್ರದ ಮುಂದೆ ಕುಳಿತುಕೊಳ್ಳುತ್ತಾನೆ. ಪುಟವನ್ನು ತೆರೆದಾಗ ಹೆಸರು, ಗುಪ್ತಪದ ಎಲ್ಲವೂ ಸಿದ್ಧವಾಗಿಯೇ ಇರುತ್ತವೆ. ಅವನು ಗಮನಿಸದೆ ಒಳಗೆ ಹೋಗಿ, ಮೊಬೈಲ್ ಸಂಖ್ಯೆಯ ಜಾಗದಲ್ಲಿ ತನ್ನ ಸಂಖ್ಯೆಯನ್ನು ಬರೆದುಬಿಡುತ್ತಾನೆ. ತಪ್ಪು ತಿಳಿದ ಕೂಡಲೇ ಹೆದರಿ ಪುಟವನ್ನು ಮುಚ್ಚಿ ಎದ್ದುಹೋಗುತ್ತಾನೆ. ಹುಡುಗಿಯ ಅರ್ಜಿಯಲ್ಲಿ ಒಂದು ಪ್ರಮಾಣಪತ್ರವನ್ನು ಸರಿಪಡಿಸಬೇಕೆಂಬ ಸೂಚನೆ ಆಮೇಲೆ ಬರುತ್ತದೆ. ಆದರೆ ಅದು ಅವಳ ಮೊಬೈಲಿಗೆ ಬರುವುದಿಲ್ಲ. ಅವಳಿಗೆ ಸಂಗತಿ ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದಿರುತ್ತದೆ. ಒಂದು ವರ್ಷದ ವಿದ್ಯಾರ್ಥಿವೇತನ ಕೈತಪ್ಪುತ್ತದೆ.

ಮಗ್ಗದ ಮುಂದೆ ಕುಳಿತ ಅಜ್ಜನು ಎಲ್ಲವನ್ನೂ ಕೇಳಿ ಲಾಳಿಯನ್ನು ಕೆಳಗಿಟ್ಟು ಹೇಳುತ್ತಾನೆ: ‘‘ಯವ್ವಾ, ನೀ ಕೀಲಿ ಹಾಕಿದಿ ಖರೆ, ಕೀಲಿಕೈ ಬಾಗಲದಾಗ ಬಿಟ್ಟ ಬಂದಿ.’’

ಈ ಪ್ರಸಂಗದಲ್ಲಿ ಕಳ್ಳನಿಲ್ಲ, ವಂಚಕನಿಲ್ಲ. ಆದರೂ ಒಬ್ಬ ಬಡ ಹುಡುಗಿಗೆ ನಷ್ಟವಾಯಿತು. ಗುಪ್ತಪದವನ್ನು ಉಳಿಸಿದುದು ಇಲ್ಲಿ ತಪ್ಪಲ್ಲ. ಹತ್ತಾರು ಜನ ಬಂದುಹೋಗುವ ಯಂತ್ರದಲ್ಲಿ ಉಳಿಸಿದುದು ತಪ್ಪು. ಅಂಗಡಿ, ಶಾಲೆ, ಗ್ರಂಥಾಲಯ, ಸೇವಾಕೇಂದ್ರ ಇಂಥ ಕಡೆಗಳಲ್ಲಿರುವ ಯಂತ್ರಗಳು ಊರ ಚಾವಡಿಯಿದ್ದಂತೆ. ಚಾವಡಿಯಲ್ಲಿ ಕುಳಿತು ಕೆಲಸ ಮಾಡಿಕೊಂಡು ಬರಬಹುದು. ಮನೆಯ ಕೀಲಿಕೈಯನ್ನು ಅಲ್ಲಿ ತೂಗುಹಾಕಿ ಬರಲಾಗದು.

ಇನ್ನು ಸ್ವಂತವೆಂದು ನಾವು ಹೇಳುವ ಮೊಬೈಲಾದರೂ ನಿಜವಾಗಿ ಸ್ವಂತವೆ? ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಮೊಬೈಲು ಒಂದೇ. ಬೆಳಿಗ್ಗೆ ಅದು ಹೊಲಕ್ಕೆ ಹೋದ ತಂದೆಯ ಜೇಬಿನಲ್ಲಿರುತ್ತದೆ; ಸಂಜೆ ಮಕ್ಕಳ ಪಾಠಕ್ಕೆ ಬರುತ್ತದೆ; ರಾತ್ರಿ ನೆಂಟರ ಹುಡುಗನ ಕೈಯಲ್ಲಿ ಆಟದ ವಸ್ತುವಾಗುತ್ತದೆ. ಅದಕ್ಕೆ ಕೀಲಿಯೇ ಇರುವುದಿಲ್ಲ. ಇದ್ದರೂ ಅದರ ಅಂಕಿಗಳು ಎಲ್ಲರಿಗೂ ಗೊತ್ತಿರುತ್ತವೆ. ಇಂಥ ಮೊಬೈಲಿನಲ್ಲಿ ಬ್ಯಾಂಕಿನ ಗುಪ್ತಪದವನ್ನು ಉಳಿಸುವುದು, ಬಾಯಿ ಮುಚ್ಚದ ಹಗೇವಿಗೆ ಜೋಳ ತುಂಬಿದಂತೆ. ಹಗೇವು ತೆರೆದರೆ ಓಣಿಗೆ ತಿಳಿಯುತ್ತಿದ್ದಿತು. ಮೊಬೈಲಿನ ಭಂಡಾರ ತೆರೆದರೆ ಪಕ್ಕದಲ್ಲಿ ಮಲಗಿದವರಿಗೂ ತಿಳಿಯುವುದಿಲ್ಲ.

ಮನುಷ್ಯರ ಕೈಯಿಂದಲ್ಲದೆ ತಂತ್ರಾಂಶಗಳಿಂದಲೂ ಅಪಾಯವುಂಟು. ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳನ್ನು ಗುಡಿಸಿಕೊಂಡು ಹೋಗಲೆಂದೇ ರಚಿಸಿದ ಕಳ್ಳ ತಂತ್ರಾಂಶಗಳಿವೆ. ‘ರೆಡ್‌ಲೈನ್’ ಎಂಬುದು ಅವುಗಳಲ್ಲಿ ಕುಖ್ಯಾತವಾದುದು. 2024ರ ಅಕ್ಟೋಬರಿನಲ್ಲಿ ಹಲವು ದೇಶಗಳ ಪೊಲೀಸರು ಒಂದುಗೂಡಿ ಅದರ ಜಾಲಕ್ಕೆ ಪೆಟ್ಟುಕೊಟ್ಟರು. ಇಂಥ ತಂತ್ರಾಂಶಗಳು ಕದ್ದ ಆಟ, ಪುಕ್ಕಟೆಯ ಚಲನಚಿತ್ರ, ಸುಳ್ಳು ಪತ್ರ ಮುಂತಾದವುಗಳ ವೇಷದಲ್ಲಿ ಗಣಕಯಂತ್ರದೊಳಗೆ ಬರುತ್ತವೆ. ಒಮ್ಮೆ ಒಳಗೆ ಬಂದರೆ ಮನೆಯ ಯಜಮಾನನಂತೆಯೇ ನಟಿಸಿ ಭಂಡಾರವನ್ನು ತೆರೆಯುತ್ತವೆ. ನರಗುಂದದ ಗುಡ್ಡದ ಮೇಲೆ, ಗಜೇಂದ್ರಗಡದ ಬೆಟ್ಟದ ಮೇಲೆ ನಿಂತಿರುವ ಕೋಟೆಗಳನ್ನು ನೀವು ನೋಡಿರಬಹುದು. ಗೋಡೆ ಎಷ್ಟು ಎತ್ತರವಾಗಿದ್ದರೂ ಒಳಗಿನವರೇ ಬಾಗಿಲನ್ನು ತೆರೆದು ಕರೆದುಕೊಂಡರೆ ಕೋಟೆಯಿಂದ ಪ್ರಯೋಜನವೇನು? ಗೊತ್ತಿಲ್ಲದ ಕೊಂಡಿಯನ್ನು ಒತ್ತುವುದು, ಗೊತ್ತಿಲ್ಲದವರ ತಂತ್ರಾಂಶವನ್ನು ಇಳಿಸಿಕೊಳ್ಳುವುದು ಹಾಗೆ ಬಾಗಿಲು ತೆರೆದಂತೆಯೇ.

ಗುಪ್ತಪದಗಳನ್ನು ಕಾಯುವುದನ್ನೇ ಉದ್ಯೋಗವಾಗಿ ಮಾಡಿಕೊಂಡ ಸಂಸ್ಥೆಗಳಿಗೂ ಕಷ್ಟ ತಪ್ಪಿಲ್ಲ. 2022ರಲ್ಲಿ ‘ಲಾಸ್ಟ್‌ಪಾಸ್’ ಎಂಬ ಸಂಸ್ಥೆಯಿಂದ ಗ್ರಾಹಕರ ಭಂಡಾರಗಳ ಪ್ರತಿಗಳು ಕಳುವಾದವು. ಗುಪ್ತಪದಗಳು ಗೂಢಲಿಪಿಯಲ್ಲಿದ್ದುದರಿಂದ ಕಳ್ಳರಿಗೆ ಅವು ಕೂಡಲೇ ಓದಲು ಸಿಗಲಿಲ್ಲ. ಭಂಡಾರದ ಮುಖ್ಯ ಗುಪ್ತಪದವನ್ನು ಉದ್ದವಾಗಿ, ಗಟ್ಟಿಯಾಗಿ ಇಟ್ಟುಕೊಂಡಿದ್ದವರಿಗೆ ರಕ್ಷಣೆ ಹೆಚ್ಚು. ಸುಲಭವಾದುದನ್ನು ಇಟ್ಟುಕೊಂಡಿದ್ದವರಿಗೆ ಅಪಾಯ ಹೆಚ್ಚು. ಭಂಡಾರ ಯಾರದೇ ಆಗಲಿ, ಕೊನೆಯ ಕೀಲಿಯ ಹೊಣೆ ನಮ್ಮದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗುಪ್ತಪದವು ಕೇವಲ ಕೀಲಿಕೈಯಲ್ಲ, ಅದು ನಮ್ಮ ಸಹಿಯೂ ಹೌದು ಎಂಬುದನ್ನು ನಾವು ಮರೆಯಬಾರದು. ಇದಕ್ಕೆ ನಮ್ಮ ರಾಜ್ಯದ್ದೇ ಆದ ಒಂದು ಉತ್ತಮ ನಿದರ್ಶನವಿದೆ. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯಡಿಯಲ್ಲಿ ರೈತರ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ತಾಲ್ಲೂಕು ಕಚೇರಿಯ ಯಂತ್ರಗಳಿಗೆ ಬಂದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ರೈತನಿಗೆ ಅಚ್ಚಾದ ಪಹಣಿ ದೊರೆಯುತ್ತಿದ್ದಿತು. ಒಂದು ಹೆಸರು ಬದಲಾದರೆ ಒಂದು ಹೊಲವೇ ಕೈಬಿಟ್ಟುಹೋಗಬಹುದಾದ ದಾಖಲೆಗಳು ಅವು. ಆ ಯಂತ್ರವನ್ನು ತೆರೆಯಲು ಬರಿಯ ಗುಪ್ತಪದ ಸಾಲದೆಂದು ಯೋಜನೆಯನ್ನು ರೂಪಿಸಿದವರು ಭಾವಿಸಿದರು. ಗುಪ್ತಪದವನ್ನು ಒಬ್ಬರು ಮತ್ತೊಬ್ಬರಿಗೆ ಹೇಳಬಹುದು. ಆಮೇಲೆ ‘ತಿದ್ದಿದವನು ನಾನಲ್ಲ, ನನ್ನ ಗುಪ್ತಪದವನ್ನು ಯಾರೋ ಕದ್ದರು’ ಎಂದು ಜಾರಿಕೊಳ್ಳಬಹುದು. ಆದುದರಿಂದ ನೌಕರನು ಬೆರಳಚ್ಚನ್ನು ಕೊಟ್ಟೇ ಒಳಗೆ ಹೋಗುವಂತೆ ಏರ್ಪಾಡು ಮಾಡಿದರು. ಯಾರು ತೆರೆದರು, ಯಾರು ತಿದ್ದಿದರು ಎಂಬುದಕ್ಕೆ ಬೆರಳೇ ಸಾಕ್ಷಿಯಾಯಿತು.

ನಮ್ಮ ಹೆಸರಿನಲ್ಲಿ ಒಳಗೆ ಹೋದವನು ಮಾಡಿದುದೆಲ್ಲವೂ ಮೊದಲ ನೋಟಕ್ಕೆ ನಾವು ಮಾಡಿದುದೆಂದೇ ದಾಖಲಾಗುತ್ತದೆ. ಆದುದರಿಂದಲೇ ಕಾನೂನು ಇದನ್ನು ಗಂಭೀರವಾಗಿ ಪರಿಗಣಿಸಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ತಿದ್ದುಪಡಿ ತಂದು 66ಸಿ ಎಂಬ ಕಲಮನ್ನು ಸೇರಿಸಲಾಯಿತು. ಅದರಂತೆ ಮತ್ತೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಇಂಥ ಅಪರಾಧಗಳ ತನಿಖೆಗಾಗಿ ದೇಶದಲ್ಲಿಯೇ ಮೊದಲನೆಯ ಸೈಬರ್ ಪೊಲೀಸ್ ಠಾಣೆಯು 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 2017ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯೂ ಗಮನಾರ್ಹವಾದುದು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದಾಗ ಅವನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊರೆ ಅವನ ಮೇಲಿಲ್ಲ. ಆದರೆ ತಾನೇ ಗುಪ್ತಪದವನ್ನು ಹೇಳಿ ನಷ್ಟ ಮಾಡಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಅವನೇ ಹೊರಬೇಕು ಎಂದು ಅದು ಹೇಳಿತು.

ಇಷ್ಟು ವಿಚಾರದಿಂದ ನಾವು ಕೆಲವು ನಿಯಮಗಳನ್ನು ಮಾಡಿಕೊಳ್ಳಬಹುದು. ಸಾಧನವು ನಿಜವಾಗಿ ನಮ್ಮೊಬ್ಬರದೇ ಆಗಿದ್ದು, ಅದಕ್ಕೆ ಗಟ್ಟಿಯಾದ ಕೀಲಿಯಿದ್ದರೆ ಗುಪ್ತಪದವನ್ನು ಅದರಲ್ಲಿ ಉಳಿಸಬಹುದು. ಎಲ್ಲ ಕಡೆಗೂ ಒಂದೇ ದುರ್ಬಲವಾದ ಗುಪ್ತಪದವನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಅದು ಕ್ಷೇಮಕರ. ಮನೆಮಂದಿಯೆಲ್ಲ ಬಳಸುವ ಮೊಬೈಲಾದರೆ ಹಣಕ್ಕೆ ಸಂಬಂಧಿಸಿದ ಗುಪ್ತಪದಗಳನ್ನು ಅದರಲ್ಲಿ ಉಳಿಸಬಾರದು; ಅಂಥವನ್ನು ಕಾಗದದಲ್ಲಿ ಬರೆದು ಮನೆಯ ಪೆಟ್ಟಿಗೆಯಲ್ಲಿಡುವುದೇ ಮೇಲು. ಅಂಗಡಿಯ ಯಂತ್ರದಲ್ಲಿ ‘ಉಳಿಸಬೇಕೆ?’ ಎಂಬ ಪ್ರಶ್ನೆಗೆ ಯಾವಾಗಲೂ ‘ಬೇಡ’ ಎನ್ನಬೇಕು. ಕೆಲಸ ಮುಗಿದ ಮೇಲೆ ಪುಟವನ್ನು ಮುಚ್ಚಿದರೆ ಸಾಲದು, ‘ಲಾಗ್ ಔಟ್’ ಎಂಬುದನ್ನು ಒತ್ತಿ ಹೊರಬರಬೇಕು. ಹಳೆಯ ಮೊಬೈಲನ್ನು ಮಾರುವ ಮೊದಲು ಅದರಲ್ಲಿರುವುದನ್ನೆಲ್ಲ ಅಳಿಸಬೇಕು.

ಮುಖ್ಯವಾದ ಖಾತೆಗಳಿಗೆ ಎರಡು ಹಂತದ ಕಾವಲನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿಕೈಗಳಿದ್ದು, ಅವು ಇಬ್ಬರು ಅಧಿಕಾರಿಗಳ ಬಳಿ ಇರುತ್ತವೆ. ಒಬ್ಬರೇ ಅದನ್ನು ತೆರೆಯಲಾರರು. ಅಂತೆಯೇ ಗುಪ್ತಪದದ ಜೊತೆಗೆ ಮೊಬೈಲಿಗೆ ಬರುವ ಅಂಕಿಗಳೂ ಬೇಕಾದರೆ, ಗುಪ್ತಪದವೊಂದು ಕಳುವಾದರೂ ಬಾಗಿಲು ಕೂಡಲೇ ತೆರೆಯುವುದಿಲ್ಲ. ಓಟಿಪಿ ಎಂದು ಕರೆಯುವ ಆ ಅಂಕಿಗಳನ್ನು ದೂರವಾಣಿಯಲ್ಲಿ ಯಾರೇ ಕೇಳಿದರೂ ಹೇಳಬಾರದು. ಇಷ್ಟೆಲ್ಲ ಎಚ್ಚರವಿದ್ದೂ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ ಬ್ಯಾಂಕಿಗೆ ತಿಳಿಸಿ, 1930 ಎಂಬ ಸಂಖ್ಯೆಗೆ ದೂರು ಕೊಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿ ದೂರ ಹೋಗುತ್ತದೆ.

ಕೊನೆಯದಾಗಿ ಒಂದು ಮಾತು. ಓದುಬರಹ ಬಲ್ಲ ನಿಮ್ಮ ಕೈಗೆ ಮನೆಯ ಹಿರಿಯರು ತಮ್ಮ ಮೊಬೈಲನ್ನು ಕೊಟ್ಟು, ‘ಇದನ್ನು ತುಸು ನೋಡು’ ಎನ್ನುತ್ತಾರೆ. ಅಜ್ಜಿಯ ಪಿಂಚಣಿ, ತಂದೆಯ ಬೆಳೆವಿಮೆ, ತಾಯಿಯ ಉಳಿತಾಯ ಇವುಗಳ ಕೀಲಿಕೈಗಳು ಆ ಗಳಿಗೆಯಲ್ಲಿ ನಿಮ್ಮ ಬೆರಳುಗಳಲ್ಲಿರುತ್ತವೆ. ಅವರ ಕೆಲಸವನ್ನು ಅವರೆದುರಿಗೇ ಮಾಡಿಕೊಡಿರಿ. ಒತ್ತಿದುದೇನು, ಏಕೆ ಒತ್ತಿದಿರಿ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿರಿ. ಅವರ ಗುಪ್ತಪದವನ್ನು ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಡಿರಿ. ಇದು ಅವಿಶ್ವಾಸದ ಮಾತಲ್ಲ. ಹಿಂದೆ ಸೊಸೆಯ ಕೈಗೆ ಕೀಲಿಕೈಯ ಗೊಂಚಲನ್ನು ಕೊಡುವ ದಿನ ಮನೆಯಲ್ಲಿ ದೊಡ್ಡ ದಿನವಾಗಿರುತ್ತಿದ್ದಿತು. ಕೊಡುವವಳಿಗೂ ಪಡೆಯುವವಳಿಗೂ ಅದರ ಭಾರ ತಿಳಿದಿರುತ್ತಿದ್ದಿತು. ಇಂದಿನ ಕೀಲಿಕೈಗಳಿಗೆ ತೂಕವಿಲ್ಲ, ಸಪ್ಪಳವಿಲ್ಲ. ಆ ತೂಕವನ್ನೂ ಸಪ್ಪಳವನ್ನೂ ನಾವು ನಮ್ಮ ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು.

ಶಬ್ದಾರ್ಥ

ಹಗೇವು: ಕಾಳು ತುಂಬಿಡಲು ನೆಲದಲ್ಲಿ ತೋಡಿದ ಕುಳಿ
ಎರೆಮಣ್ಣು: ಕಪ್ಪು ಜಿಗುಟು ಮಣ್ಣು
ಚಪ್ಪಡಿ: ಹಾಸುಗಲ್ಲು
ಗೂಢಲಿಪಿ: ಕೀಲಿಕೈ ಇಲ್ಲದವರು ಓದಲಾಗದಂತೆ ಮಾರ್ಪಡಿಸಿದ ಬರಹ
ಚಾವಡಿ: ಊರಿನವರೆಲ್ಲ ಸೇರುವ ಜಾಗ
ಲಾಳಿ: ಮಗ್ಗದಲ್ಲಿ ಹೊಕ್ಕಿನ ನೂಲನ್ನು ಒಯ್ಯುವ ಸಾಧನ
ಪಹಣಿ: ಹೊಲದ ಒಡೆತನ, ಬೆಳೆ ಮೊದಲಾದ ವಿವರಗಳ ದಾಖಲೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅಲ್ಲನ್ ಶೆರ್ ಇತರರ ಗುಪ್ತಪದಗಳನ್ನು ಹೇಗೆ ಪಡೆದನು?
2. ಕರ್ಕಾಫ್ಸ್ ಸಾರಿದ ತತ್ತ್ವ ಯಾವುದು?
3. ‘ಭೂಮಿ’ ಯೋಜನೆಯಲ್ಲಿ ನೌಕರರು ಯಂತ್ರವನ್ನು ತೆರೆಯಲು ಏನನ್ನು ಕೊಡಬೇಕಾಗಿದ್ದಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎಲ್ಲ ಕಡೆಗೂ ಒಂದೇ ಗುಪ್ತಪದವನ್ನು ಬಳಸುವುದು ಏಕೆ ಅಪಾಯಕರ?
2. ಉಳಿಸಿಟ್ಟ ಗುಪ್ತಪದವು ಸುಳ್ಳು ಪುಟಗಳಿಂದ ನಮ್ಮನ್ನು ಹೇಗೆ ಕಾಪಾಡುತ್ತದೆ?
3. ‘‘ಕೀಲಿಕೈ ಬಾಗಲದಾಗ ಬಿಟ್ಟ ಬಂದಿ.’’ ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಅದರ ಅರ್ಥವೇನು?

ಇ) ವಿಸ್ತಾರವಾಗಿ ಉತ್ತರಿಸಿರಿ.
ಸ್ವಂತ ಸಾಧನದಲ್ಲಿ ಗುಪ್ತಪದವನ್ನು ಉಳಿಸಿಡುವುದರ ಗುಣದೋಷಗಳನ್ನು ವಿವೇಚಿಸಿ, ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಆಳೆತ್ತರ, ಬರಗಾಲ, ಮನೆಯನ್ನು

ಉ) ಮಾಡಿ ನೋಡಿರಿ.
ನಿಮ್ಮ ಮನೆಯ ಮೊಬೈಲನ್ನು ಯಾರು ಯಾರು ಬಳಸುತ್ತಾರೆ, ಅದಕ್ಕೆ ಕೀಲಿಯಿದೆಯೆ, ಯಾವ ಗುಪ್ತಪದಗಳನ್ನು ಅದರಲ್ಲಿ ಉಳಿಸಬಹುದು, ಯಾವುವನ್ನು ಉಳಿಸಬಾರದು ಎಂಬುದನ್ನು ಹಿರಿಯರೊಡನೆ ಕುಳಿತು ಚರ್ಚಿಸಿರಿ. ಗುಪ್ತಪದಗಳನ್ನು ಮಾತ್ರ ನೋಟುಪುಸ್ತಕದಲ್ಲಿ ಬರೆಯಬೇಡಿರಿ.